ಪಂಜಾಬಿನ ಮಂತ್ರಿಗಳು ಬ್ರಿಟಿಷ್ ಪಲ್ಟನ್ನಿಗೆ ಜನ ಕೂಡಿಸಿದ್ದೇಕೆ?

ಪ್ರಶ್ನೆ: 1939ರಲ್ಲಿ ಭಾರತವನ್ನು ಕೇಳದೆಯೇ ಯುದ್ಧಕ್ಕೆ ಎಳೆದದ್ದನ್ನು ಪ್ರತಿಭಟಿಸಿ ಕಾಂಗ್ರೆಸ್ ಮಂತ್ರಿಮಂಡಲಗಳು ರಾಜೀನಾಮೆ ಕೊಟ್ಟವೆಂದು ಶಾಲೆಯಲ್ಲಿ ಓದಿದ್ದೇವೆ. ಅದೇ ಹೊತ್ತಿನಲ್ಲಿ ಪಂಜಾಬಿನ ಚುನಾಯಿತ ಮಂತ್ರಿಗಳು ಸೈನ್ಯದ ಭರ್ತಿಗೆ ಟೊಂಕ ಕಟ್ಟಿ ನಿಂತಿದ್ದರಂತೆ. ಇವರು ಬ್ರಿಟಿಷರ ಬಾಲಬಡುಕರೆಂದು ತಿಳಿಯಬೇಕೆ? ಹಳ್ಳಿಯ ಜನ ಇವರ ಮಾತಿಗೆ ಓಗೊಟ್ಟದ್ದಾದರೂ ಏಕೆ? ನಾನು ಬೆಳಗಾವಿಯವನು, ಮರಾಠಾ ರೆಜಿಮೆಂಟಿನ ಬ್ಯಾಂಡು ಕೇಳುತ್ತ ಬೆಳೆದವನು. ನಮ್ಮ ಕಡೆ ಇಂಥ ರಾಜಕಾರಣಿಗಳು ಇರಲಿಲ್ಲವೆ?

ಉತ್ತರ: ಬಾಲಬಡುಕರೆಂಬ ಮಾತನ್ನು ಆ ಕಾಲದ ಅವರ ವಿರೋಧಿಗಳೂ ಬಳಸಿದ್ದರು, ಮತ್ತು ಅದಕ್ಕೆ ಆಧಾರವಿಲ್ಲದೆ ಇರಲಿಲ್ಲ. ಬಿರುದು, ಜಮೀನು, ಮಂತ್ರಿಗಿರಿ ಎಲ್ಲವೂ ಅವರಿಗೆ ಸರ್ಕಾರದ ಕೃಪೆಯಿಂದಲೇ ಬಂದಿದ್ದವು. ಆದರೆ ಆ ಒಂದು ಮಾತಿನಿಂದ 1937ರ ಚುನಾವಣೆಯ ಫಲಿತಾಂಶವನ್ನು ವಿವರಿಸಲಾಗುವುದಿಲ್ಲ. 175 ಸ್ಥಾನಗಳ ಪಂಜಾಬ್ ವಿಧಾನಸಭೆಯಲ್ಲಿ ಈ ಜನರ ಯೂನಿಯನಿಸ್ಟ್ ಪಕ್ಷ ಬಹುಮತ ಪಡೆದರೆ, ಜಿನ್ನಾ ಅವರ ಮುಸ್ಲಿಂ ಲೀಗಿಗೆ ಸಿಕ್ಕಿದ್ದು ಎರಡೇ ಸ್ಥಾನ. ಸಾಹೇಬರ ಮುಂದೆ ಕೈಮುಗಿದು ನಿಂತವನಿಗೆ ರೈತ ಅಷ್ಟು ಸಲೀಸಾಗಿ ಮತ ಹಾಕುವುದಿಲ್ಲ. ಈ ರಾಜಕಾರಣಿಗಳಿಗೂ ಅವರ ಹಳ್ಳಿಗಳಿಗೂ ನಡುವೆ ಒಂದು ಕೊಡು-ಕೊಳ್ಳುವ ಲೆಕ್ಕವಿತ್ತು, ಸೈನ್ಯದ ಭರ್ತಿ ಆ ಲೆಕ್ಕದೊಳಗಿನ ಒಂದು ಬಾಬತ್ತಾಗಿತ್ತು. ಲೆಕ್ಕ ತಾಳೆಯಾಗುವವರೆಗೆ ಅವರು ಉಳಿದರು, ತಪ್ಪಿದಾಗ ಉರುಳಿದರು.

ಈ ಲೆಕ್ಕ ಆರಂಭವಾದದ್ದು 1857ರ ದಂಗೆಯ ನಂತರ. ಬಂಗಾಳದ ಪಲ್ಟನ್ನುಗಳಲ್ಲಿ ತುಂಬಿದ್ದ ಅವಧ್ ಸೀಮೆಯ ಸಿಪಾಯಿಗಳ ಮೇಲೆ ನಂಬಿಕೆ ಕಳೆದುಕೊಂಡ ಬ್ರಿಟಿಷರು ಪಂಜಾಬಿನತ್ತ ತಿರುಗಿದರು. 1885ರಿಂದ 1893ರವರೆಗೆ ದಂಡನಾಯಕನಾಗಿದ್ದ ರಾಬರ್ಟ್ಸ್‌ನ ಕಾಲದಲ್ಲಿ, ಕೆಲವು ಜಾತಿಗಳು ಹುಟ್ಟಿನಿಂದಲೇ ಯೋಧರು, ಉಳಿದವು ಅಲ್ಲ ಎಂಬ ವಿಚಿತ್ರ ವಾದ ಸೈನ್ಯದ ನೀತಿಯೇ ಆಗಿಬಿಟ್ಟಿತು. ಆದರೆ ಭರ್ತಿ ಹೆಚ್ಚಾಗಿ ನಡೆದ ಜಿಲ್ಲೆಗಳ ನಕ್ಷೆಯನ್ನು ಎದುರಿಗಿಟ್ಟುಕೊಂಡು ನೋಡಿದರೆ ಶೌರ್ಯಕ್ಕಿಂತ ಮೊದಲು ಕಣ್ಣಿಗೆ ಬೀಳುವುದು ಮಳೆಯ ಕೊರತೆ. ಉಪ್ಪಿನ ಬೆಟ್ಟಗಳ ಸುತ್ತಲಿನ ಝೇಲಂ, ರಾವಲ್ಪಿಂಡಿ, ಅಟಕ್ ಜಿಲ್ಲೆಗಳಲ್ಲಿ ಹಿಡುವಳಿ ಚಿಕ್ಕದು, ನೆಲ ಒಣದು. ಆಗ್ನೇಯದ ರೋಹ್ಟಕ್, ಹಿಸಾರ್‌ಗಳಲ್ಲಿ ಬರ ಮನೆಯ ನಂಟನಂತೆ ಬಂದುಹೋಗುತ್ತಿತ್ತು. ಅಂಥಲ್ಲಿ ಮೊದಲ ಮಹಾಯುದ್ಧದ ಆರಂಭದ ಸಿಪಾಯಿಯ ತಿಂಗಳ 11 ರೂಪಾಯಿ ಸಂಬಳ ದೊಡ್ಡದಲ್ಲದಿದ್ದರೂ ನಂಬಿಕೆಯದು. ಮೇಲೆ ಪಿಂಚಣಿ ಬೇರೆ. ಎಲ್ಲಕ್ಕಿಂತ ದೊಡ್ಡ ಆಸೆಯೆಂದರೆ ಮುರಬ್ಬಾ. ಪಶ್ಚಿಮ ಪಂಜಾಬಿನ ಬೀಳುಭೂಮಿಗೆ ಕಾಲುವೆ ನೀರು ಹರಿಸಿ ಲಾಯಲ್ಪುರದಂಥ ಹೊಸ ವಸಾಹತುಗಳನ್ನು ಕಟ್ಟಿದ ಸರ್ಕಾರ, ಅಲ್ಲಿನ ಸುಮಾರು 25 ಎಕರೆಯ ಚೌಕಗಳನ್ನು ಸೇವೆ ಮುಗಿಸಿದ ಆಯ್ದ ಸೈನಿಕರಿಗೂ, ಜನ ಕೂಡಿಸಿಕೊಟ್ಟ ಗಣ್ಯರಿಗೂ ಇನಾಮಾಗಿ ಹಂಚುತ್ತಿತ್ತು. ಮಳೆಯನ್ನೇ ನಂಬಿದ ನಾಲ್ಕೆಕರೆಯವನ ಮನೆಯಲ್ಲಿ ನೀರಾವರಿಯ 25 ಎಕರೆಯ ಕನಸು ಏನು ಮಾಡೀತೆಂಬುದನ್ನು ನಮ್ಮ ಬಯಲುಸೀಮೆಯ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಇದರ ಜೊತೆಗೆ 1900ರ ಭೂ ಪರಭಾರೆ ಕಾಯ್ದೆ ಬಂತು: ಬೇಸಾಯಗಾರರೆಂದು ಪಟ್ಟಿಯಾದ ಜಾತಿಗಳವರ ಜಮೀನು ಲೇವಾದೇವಿಗಾರರ ಕೈಸೇರದಂತೆ ಅದು ತಡೆ ಹಾಕಿತು. ಸೈನ್ಯಕ್ಕೆ ಜನ ಕಳಿಸುತ್ತಿದ್ದ ಜಾತಿಗಳೂ ಆ ಪಟ್ಟಿಯಲ್ಲಿದ್ದ ಜಾತಿಗಳೂ ಬಹುಮಟ್ಟಿಗೆ ಒಂದೇ ಆಗಿದ್ದದ್ದು ಕಾಕತಾಳೀಯವಲ್ಲ.

ಮೊದಲ ಮಹಾಯುದ್ಧದಲ್ಲಿ ಈ ವ್ಯವಸ್ಥೆಯನ್ನು ಹಿಂಡಿ ಹಿಪ್ಪೆ ಮಾಡಲಾಯಿತು. ಲೆಫ್ಟಿನೆಂಟ್ ಗವರ್ನರ್ ಮೈಕೇಲ್ ಓಡ್ವಯರ್ ಭರ್ತಿಯ ಹೊಣೆಯನ್ನು ಪಲ್ಟನ್ನಿನ ಅಧಿಕಾರಿಗಳಿಗಷ್ಟೇ ಬಿಡದೆ ಕಂದಾಯದ ಆಡಳಿತಕ್ಕೇ ಹೊರಿಸಿದ. ಜಿಲ್ಲೆಗೆ ಇಷ್ಟು, ತಹಸೀಲಿಗೆ ಇಷ್ಟು ಎಂದು ತಲೆಲೆಕ್ಕ ಇಳಿದುಬಂತು. ಅದನ್ನು ತುಂಬಬೇಕಾದವರು ಜೈಲ್‌ದಾರರು ಮತ್ತು ಲಂಬರದಾರರು. ಜೈಲ್ ಎಂದರೆ ಇಲ್ಲಿ ಸೆರೆಮನೆಯಲ್ಲ, ಹಳ್ಳಿಗಳ ಒಂದು ಗುಂಪು. ಅದರ ಮುಖಂಡ ಜೈಲ್‌ದಾರ, ಒಂದೊಂದು ಹಳ್ಳಿಯ ಕಂದಾಯ ಎತ್ತುವವನು ಲಂಬರದಾರ, ಅಂದರೆ ಹೆಚ್ಚುಕಡಿಮೆ ನಮ್ಮ ಪಟೇಲ. ಕಂದಾಯದ ದಫ್ತರ ಯಾರ ಕೈಯಲ್ಲಿದೆಯೋ ಅವನೇ ಬಂದು ನಿಮ್ಮ ಮನೆಯಿಂದ ಒಬ್ಬ ಹುಡುಗನನ್ನು ಕಳಿಸಿ ಎಂದರೆ ಅದು ಕೋರಿಕೆಯೋ ಆಜ್ಞೆಯೋ ಎಂದು ಬೇರೆ ಮಾಡುವುದು ಕಷ್ಟ. 1918ರ ಮೇ ತಿಂಗಳಲ್ಲಿ ಓಡ್ವಯರ್ ಇನ್ನೂ 2 ಲಕ್ಷ ಜನ ಬೇಕು, ಮನಸ್ಸಿನಿಂದ ಬಂದರೆ ಸರಿ, ಇಲ್ಲವಾದರೆ ಬಲವಂತದಿಂದ ಎಂಬರ್ಥದ ಮಾತನ್ನು ಬಹಿರಂಗವಾಗಿಯೇ ಆಡಿದ. ಶಾಹಪುರ ಜಿಲ್ಲೆಯಲ್ಲಿ ಭರ್ತಿಯ ಕ್ರೌರ್ಯಕ್ಕೆ ಹೆಸರಾಗಿದ್ದ ಒಬ್ಬ ತಹಸೀಲ್ದಾರನನ್ನು ಜನ ಕೊಂದೇಬಿಟ್ಟರು. ಜಲಿಯನ್‌ವಾಲಾ ಬಾಗಿನ ನಂತರ ಕಾಂಗ್ರೆಸ್ ನೇಮಿಸಿದ ವಿಚಾರಣಾ ಸಮಿತಿಯ ವರದಿಯಲ್ಲಿ ಭರ್ತಿಯ ದಬ್ಬಾಳಿಕೆಗೂ ಜಾಗವಿದೆ. ಯುದ್ಧ ಮುಗಿಯುವ ವೇಳೆಗೆ ಪಂಜಾಬಿನಿಂದ ಹೋದ ಯೋಧರ ಸಂಖ್ಯೆ ಸುಮಾರು ಮೂರೂವರೆ ಲಕ್ಷ.

ಉಪ್ಪಿನ ಬೆಟ್ಟಗಳ ನಡುವೆ, ಇಂದಿನ ಪಾಕಿಸ್ತಾನದ ಚಕ್ವಾಲ್ ಜಿಲ್ಲೆಯಲ್ಲಿ, ದುಲ್ಮಿಯಾಲ್ ಎಂಬ ಊರಿದೆ. ಈ ಒಂದು ಹಳ್ಳಿಯಿಂದ ಆ ಯುದ್ಧಕ್ಕೆ ಹೋದವರು 460 ಜನ. ಮೆಚ್ಚಿದ ಸರ್ಕಾರ 1925ರಲ್ಲಿ ಊರಿಗೊಂದು ಹಳೆಯ ಫಿರಂಗಿಯನ್ನು ಬಹುಮಾನವಾಗಿ ಕೊಟ್ಟಿತು. ಆ ಫಿರಂಗಿ ಇಂದಿಗೂ ಅಲ್ಲಿದೆ. ಪಂಜಾಬಿನ ಇನ್ನೂ ಅನೇಕ ಹಳ್ಳಿಗಳಲ್ಲಿ ಈ ಊರಿನಿಂದ ಇಷ್ಟು ಜನ ಮಹಾಯುದ್ಧಕ್ಕೆ ಹೋದರು, ಅವರಲ್ಲಿ ಇಷ್ಟು ಜನ ಪ್ರಾಣ ಕೊಟ್ಟರು ಎಂದು ಕೊರೆದ ಕಲ್ಲುಫಲಕಗಳಿವೆ. ಆ ಫಲಕಗಳ ಮೇಲೆ ಸಾಮಾನ್ಯವಾಗಿ ಇರುವುದು ಹೆಸರುಗಳಲ್ಲ, ಸಂಖ್ಯೆಗಳು. ನಮ್ಮ ಹಳ್ಳಿಗಳ ವೀರಗಲ್ಲುಗಳಲ್ಲಿ ಸತ್ತವನ ಹೆಸರನ್ನೂ ಅವನು ಯಾವ ದನಗಳನ್ನು ಬಿಡಿಸಲು ಹೋಗಿ ಮಡಿದನೆಂಬುದನ್ನೂ ಕೆತ್ತುತ್ತಿದ್ದವರ ಕಣ್ಣಿಗೆ ಅದು ಸ್ವಲ್ಪ ಬರಿದಾಗಿ ಕಾಣುತ್ತದೆ.

ಯೂನಿಯನಿಸ್ಟ್ ರಾಜಕಾರಣಿಗಳು ಮೇಲೆದ್ದು ಬಂದದ್ದು ಈ ನೆಲದಿಂದಲೇ. ರೋಹ್ಟಕ್‌ನ ಜಾಟ್ ರೈತನ ಮಗ ಛೋಟು ರಾಮ್ ವಕೀಲಿ ಓದಿ, 1916ರಲ್ಲಿ ‘ಜಾಟ್ ಗೆಜೆಟ್’ ಎಂಬ ಉರ್ದು ವಾರಪತ್ರಿಕೆ ಆರಂಭಿಸಿ, ಜಿಲ್ಲೆಯ ಭರ್ತಿ ಸಮಿತಿಯ ಕಾರ್ಯದರ್ಶಿಯಾಗಿ ಹಳ್ಳಿಗಳನ್ನು ಸುತ್ತಿದವರು. ಅದೇ ಅವಧಿಯಲ್ಲಿ ಅವರು ರೋಹ್ಟಕ್ ಜಿಲ್ಲಾ ಕಾಂಗ್ರೆಸ್ಸಿನ ಅಧ್ಯಕ್ಷರೂ ಆಗಿದ್ದರು ಎಂಬುದನ್ನು ಮರೆಯಬಾರದು. 1918ರಲ್ಲಿ ಆ ಎರಡು ಕೆಲಸಗಳು ಒಂದಕ್ಕೊಂದು ವಿರುದ್ಧವೆಂದು ಯಾರಿಗೂ ಅನ್ನಿಸುತ್ತಿರಲಿಲ್ಲ. ಕಾಂಗ್ರೆಸ್ಸನ್ನು ಅವರು ಬಿಟ್ಟದ್ದು 1920ರಲ್ಲಿ, ಅಸಹಕಾರದ ಪ್ರಶ್ನೆಯ ಮೇಲೆ. ಶಾಹಪುರದ ದೊಡ್ಡ ಜಮೀನ್ದಾರ ಉಮರ್ ಹಯಾತ್ ಖಾನ್ ತಿವಾನಾ ಸ್ವತಃ ಫ್ರಾನ್ಸಿನ ರಣರಂಗಕ್ಕೆ ಹೋಗಿಬಂದವರು. ಅವರ ಮಗ ಖಿಜರ್ ಹಯಾತ್ ಮತ್ತು ಮುಂದೆ ಪಂಜಾಬಿನ ಪ್ರಧಾನಿ (ಪ್ರಾಂತದ ಮುಖ್ಯಮಂತ್ರಿಯನ್ನು ಆಗ ಹಾಗೆ ಕರೆಯುತ್ತಿದ್ದರು) ಆದ ಸಿಕಂದರ್ ಹಯಾತ್ ಖಾನ್ ಇಬ್ಬರೂ ಸಮವಸ್ತ್ರ ತೊಟ್ಟವರೇ. 1919ರ ಸುಧಾರಣೆಗಳು ನಿವೃತ್ತ ಸೈನಿಕರಿಗೆ ಆಸ್ತಿಯ ಗೊಡವೆಯಿಲ್ಲದೆಯೇ ಮತದಾನದ ಹಕ್ಕು ಕೊಟ್ಟವು. ಬಡ ರೈತನಿಗೆ ಮತವಿಲ್ಲದಿದ್ದರೂ ಅವನ ಪಕ್ಕದ ಮನೆಯ ಪಿಂಚಣಿದಾರ ಹವಾಲ್ದಾರನಿಗೆ ಮತವಿತ್ತು. ಫಜಲ್-ಇ-ಹುಸೇನ್, ಛೋಟು ರಾಮ್ ಮುಂತಾದವರು 1923ರಲ್ಲಿ ಮುಸ್ಲಿಂ, ಹಿಂದೂ, ಸಿಖ್ ಜಮೀನ್ದಾರರನ್ನು ಒಂದುಗೂಡಿಸಿ ಪಕ್ಷ ಕಟ್ಟಿದಾಗ ಅದರ ಮತಪೆಟ್ಟಿಗೆಯ ಬುಡದಲ್ಲಿ ಈ ಮಾಜಿ ಸಿಪಾಯಿಯೇ ಕೂತಿದ್ದ.

ಭರ್ತಿಯ ಪ್ರಚಾರ ಪಂಜಾಬಿನ ಜಮೀನ್ದಾರರ ಸೊತ್ತಷ್ಟೇ ಆಗಿತ್ತೆಂದು ಭಾವಿಸಬೇಡಿ. 1918ರ ಏಪ್ರಿಲ್‌ನಲ್ಲಿ ದೆಹಲಿಯ ಯುದ್ಧ ಸಮ್ಮೇಳನದಲ್ಲಿ ಬೆಂಬಲ ಸೂಚಿಸಿದ ಗಾಂಧೀಜಿ ಅನಂತರ ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಜನ ಕೂಡಿಸಲು ಊರೂರು ಅಲೆದರು. ಕೆಲವೇ ತಿಂಗಳ ಹಿಂದೆ ಕಂದಾಯ ಸತ್ಯಾಗ್ರಹದಲ್ಲಿ ಗಾಡಿಗಳನ್ನು ಪುಕ್ಕಟೆ ಒದಗಿಸಿದ್ದ ಅದೇ ಹಳ್ಳಿಗಳು ಈಗ ಬಾಡಿಗೆಗೂ ಗಾಡಿ ಕೊಡಲು ಹಿಂದೆಮುಂದೆ ನೋಡಿದವು. ಮಹಾರಾಷ್ಟ್ರದಿಂದ 5000 ಜನರನ್ನು ಕೊಡುವೆನೆಂದ ತಿಲಕರು, ಭಾರತೀಯರಿಗೆ ಅಧಿಕಾರಿ ಹುದ್ದೆಗಳ ಭರವಸೆ ಸಿಗಬೇಕೆಂಬ ಷರತ್ತು ಹಾಕಿ, ಪಣವಾಗಿ 50,000 ರೂಪಾಯಿಯ ಚೆಕ್ಕನ್ನು ಗಾಂಧೀಜಿಗೆ ಕಳಿಸಿದರು. ಸಹಾಯವನ್ನು ಚೌಕಾಸಿಗೆ ಇಳಿಸಬಾರದೆಂದು ಗಾಂಧೀಜಿ ಅದನ್ನು ಹಿಂದಿರುಗಿಸಿದರು. ಯೋಧರಲ್ಲವೆಂಬ ಹಣೆಪಟ್ಟಿಯಿಂದ ನೊಂದಿದ್ದ ಬಂಗಾಳದಲ್ಲಿ ಸುರೇಂದ್ರನಾಥ ಬ್ಯಾನರ್ಜಿಯಂಥವರು ಬಂಗಾಳಿಗಳದ್ದೇ ಒಂದು ಪಲ್ಟನ್ ಬೇಕೆಂದು ಪ್ರಚಾರ ಮಾಡಿದರು. ಹಾಗೆ ಹುಟ್ಟಿದ 49ನೆಯ ಬಂಗಾಳಿ ಪಲ್ಟನ್ನಿನಲ್ಲಿ ಹವಾಲ್ದಾರನಾಗಿ ಕರಾಚಿಯಲ್ಲಿದ್ದವನು ಮುಂದೆ ಕವಿಯಾಗಿ ಬ್ರಿಟಿಷರ ನಿದ್ದೆಗೆಡಿಸಿದ ಕಾಜಿ ನಜ್ರುಲ್ ಇಸ್ಲಾಂ. ಇವರಲ್ಲಿ ಯಾರನ್ನೂ ನಾವು ಬಾಲಬಡುಕರೆಂದು ಕರೆಯುವುದಿಲ್ಲ. ತಿಲಕರ ಚೌಕಾಸಿಯೇ ಸಹಜವಾದದ್ದೆಂದು ನನಗನ್ನಿಸುತ್ತದೆ. ಪಂಜಾಬಿನವರು ಮಾಡಿದ್ದೂ ಚೌಕಾಸಿಯೇ. ಅವರು ಕೇಳಿದ್ದು ಮಾತ್ರ ಸ್ವರಾಜ್ಯವನ್ನಲ್ಲ, ಜಮೀನು, ನೀರು ಮತ್ತು ಸಾಲಮುಕ್ತಿಯನ್ನು.

ಎರಡನೆಯ ಮಹಾಯುದ್ಧದ ಹೊತ್ತಿಗೆ ಭರ್ತಿ ಮಾಡಿಸುವವರೇ ಮಂತ್ರಿಗಳಾಗಿದ್ದರು. 1937ರಲ್ಲಿ ಪ್ರಧಾನಿಯಾದ ಸಿಕಂದರ್ ಯುದ್ಧ ಘೋಷಣೆಗೆ ಮೊದಲೇ ಪಂಜಾಬಿನ ಬೆಂಬಲವನ್ನು ಸಾರಿದ್ದರು. ಇದರ ಹಿಂದೆ ಒಂದು ಭಯವೂ ಇತ್ತು. ಭರ್ತಿಯ ವಿರುದ್ಧ ಸಭೆಗಳು ನಡೆಯುತ್ತಿದ್ದವು. ಅದನ್ನು ಹತ್ತಿಕ್ಕಲೆಂದೇ 1938ರಲ್ಲಿ ಕೇಂದ್ರ ಶಾಸನಸಭೆ ಒಂದು ಕಾಯ್ದೆ ಮಾಡಿ, ಸೈನ್ಯ ಸೇರದಂತೆ ಜನರ ಮನವೊಲಿಸುವವರಿಗೆ ಒಂದು ವರ್ಷದವರೆಗೆ ಸೆರೆವಾಸ ವಿಧಿಸಬಹುದೆಂದಿತು. ಮಜ್ಲಿಸ್-ಎ-ಅಹ್ರಾರ್ ಎಂಬ ಸಂಘಟನೆಯ ಮುಖಂಡರು ಯುದ್ಧದ ಆರಂಭದಲ್ಲೇ ಸಾಲುಸಾಲಾಗಿ ಜೈಲು ಸೇರಿದರು. ಅವರಲ್ಲಿ ಮಾತಿನ ಮಲ್ಲ ಅತಾವುಲ್ಲಾ ಶಾ ಬುಖಾರಿಯ ಮೊಕದ್ದಮೆ ಸಿಕಂದರ್ ಸರ್ಕಾರಕ್ಕೆ ತಿರುಗುಬಾಣವಾಯಿತು: ಭಾಷಣವನ್ನು ಬರೆದುಕೊಂಡಿದ್ದ ಲಧಾ ರಾಮ್ ಎಂಬ ಪೊಲೀಸ್ ವರದಿಗಾರನೇ ಕಟಕಟೆಯಲ್ಲಿ ನಿಂತು, ಮೇಲಿನವರ ಹೇಳಿಕೆಯಂತೆ ವರದಿಯನ್ನು ತಿದ್ದಿದ್ದಾಗಿ ಒಪ್ಪಿಕೊಂಡ, ಬುಖಾರಿ ಬಿಡುಗಡೆಯಾದರು. ಭರ್ತಿ ಬರೀ ಮನವೊಲಿಕೆಯಿಂದ ನಡೆದದ್ದಲ್ಲ, ಬೇಡವೆನ್ನುವವರ ಬಾಯಿ ಮುಚ್ಚಿಸಿಯೂ ನಡೆಯಿತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಆದರೂ ಇನ್ನೊಂದು ಕೈಯಲ್ಲಿ ಕೊಡುವುದೂ ಇತ್ತು. ಛೋಟು ರಾಮ್ ಮಂತ್ರಿಯಾಗಿದ್ದಾಗ ಬಂದ ಕಾನೂನುಗಳನ್ನು ಪಂಜಾಬ್-ಹರಿಯಾಣದ ರೈತರು ಇಂದಿಗೂ ಸುನೆಹರಿ ಕಾನೂನುಗಳು, ಅಂದರೆ ಚಿನ್ನದ ಕಾನೂನುಗಳು ಎಂದೇ ಕರೆಯುತ್ತಾರೆ. 1901ರ ಜೂನ್ 8ಕ್ಕಿಂತ ಮೊದಲು ಅಡವಿಟ್ಟ ಜಮೀನುಗಳನ್ನು ಮೂಲ ಒಡೆಯರಿಗೆ ಮರಳಿಸಲು ದಾರಿ ಮಾಡಿದ ಕಾಯ್ದೆ, ಲೇವಾದೇವಿಗಾರರು ನೋಂದಣಿ ಮಾಡಿಸಿಕೊಳ್ಳಬೇಕೆಂಬ ಕಾಯ್ದೆ, ಮಂಡಿಗಳ ತೂಕ ಮತ್ತು ದಲ್ಲಾಳಿಯನ್ನು ಹತೋಟಿಗೆ ತಂದ ಕಾಯ್ದೆ, ಎಲ್ಲವೂ 1938-39ರ ಸುಮಾರಿನವು. ಅಜ್ಜ ಅಡವಿಟ್ಟು ಕಳೆದುಕೊಂಡ ಹೊಲ ದುಡ್ಡು ಕೊಡದೆ ಮನೆಗೆ ಬಂದ ವರ್ಷವೇ ಅದನ್ನು ಬಿಡಿಸಿಕೊಟ್ಟ ಮಂತ್ರಿ ಊರಿಗೆ ಬಂದು ಪಲ್ಟನ್ನಿಗೆ ಹುಡುಗರನ್ನು ಕೇಳಿದರೆ ಹಳ್ಳಿ ಏನೆಂದುಕೊಂಡೀತು? ಜನ ಓಗೊಟ್ಟದ್ದೇಕೆ ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಬಹುಪಾಲು ಇದೇ.

ಸಿಖ್ಖರ ಲೆಕ್ಕ ಸ್ವಲ್ಪ ಬೇರೆ. 1940ರಲ್ಲಿ ಸೆಂಟ್ರಲ್ ಇಂಡಿಯಾ ಹಾರ್ಸ್ ಎಂಬ ಅಶ್ವದಳದ ಸಿಖ್ ತುಕಡಿ ಮುಂಬಯಿಯಲ್ಲಿ ಹಡಗು ಹತ್ತಲು ನಿರಾಕರಿಸಿತು. ಸೈನ್ಯದ ಮುಖ್ಯಸ್ಥರು ಸಿಖ್ಖರ ಭರ್ತಿಯನ್ನೇ ಕಡಿಮೆ ಮಾಡುವ ಯೋಚನೆಗೆ ಬಂದಾಗ ಗಾಬರಿಯಾದವರು ಸಿಖ್ ರಾಜಕಾರಣಿಗಳು. ಜನಸಂಖ್ಯೆಯಲ್ಲಿ ಚಿಕ್ಕದಾದ ಸಮುದಾಯಕ್ಕೆ ಸೈನ್ಯದಲ್ಲಿನ ದೊಡ್ಡ ಪಾಲೇ ರಾಜಕೀಯದ ಬಂಡವಾಳವಾಗಿತ್ತು. ಅದು ಕರಗಿದರೆ ನಾಳೆ ದೇಶ ಹಂಚಿಕೆಯಾಗುವಾಗ ತಮ್ಮ ಮಾತು ಕೇಳುವವರಿಲ್ಲ ಎಂದು ಅವರಿಗೆ ಅನ್ನಿಸಿತು. ಅಕಾಲಿ ನಾಯಕ ಮಾಸ್ಟರ್ ತಾರಾ ಸಿಂಗ್ ಇದೇ ಪ್ರಶ್ನೆಯ ಮೇಲೆ ಕಾಂಗ್ರೆಸ್ ಬಿಟ್ಟರು. 1941ರಲ್ಲಿ ಪಟಿಯಾಲದ ಮಹಾರಾಜರ ಮುಂದಾಳತ್ವದಲ್ಲಿ ಖಾಲ್ಸಾ ಡಿಫೆನ್ಸ್ ಆಫ್ ಇಂಡಿಯಾ ಲೀಗ್ ಹುಟ್ಟಿದ್ದು ಸಿಖ್ ಹುಡುಗರನ್ನು ಮತ್ತೆ ಪಲ್ಟನ್ನುಗಳಿಗೆ ಕಳಿಸಲು. ಹಿಂದೂ ಮಹಾಸಭೆಯ ಸಾವರ್ಕರ್ ಅದೇ ವರ್ಷಗಳಲ್ಲಿ ಹಿಂದೂ ಯುವಕರು ಸೈನ್ಯ ಸೇರಬೇಕೆಂದು ಕರೆಕೊಟ್ಟದ್ದರ ಹಿಂದೆಯೂ ಇಂಥದೇ ಪಾಲಿನ ಲೆಕ್ಕವಿತ್ತು.

ಲೆಕ್ಕ ತಪ್ಪಿದ್ದು ಹೇಗೆ? 1939ರಲ್ಲಿ ಸುಮಾರು ಎರಡು ಲಕ್ಷವಿದ್ದ ಸೈನ್ಯ ಯುದ್ಧದ ಕೊನೆಗೆ ಇಪ್ಪತ್ತು ಲಕ್ಷವನ್ನು ದಾಟಿತು. ಅಷ್ಟು ಜನರನ್ನು ಪಂಜಾಬೊಂದೇ ಕೊಡಲಾರದು. ಯೋಧ ಜಾತಿಗಳ ವಾದವನ್ನು ಸರ್ಕಾರ ಸದ್ದಿಲ್ಲದೆ ಮೂಲೆಗಿಟ್ಟು, 1920ರ ದಶಕದಲ್ಲಿ ವಿಸರ್ಜಿಸಿದ್ದ ಮದ್ರಾಸ್ ರೆಜಿಮೆಂಟನ್ನು ಮತ್ತೆ ಎಬ್ಬಿಸಿತು. ಪಂಜಾಬ್ ಮೊದಲ ಸ್ಥಾನದಲ್ಲೇ ಉಳಿದರೂ ಅದರ ರಾಜಕಾರಣಿಗಳ ಕೈಯಲ್ಲಿದ್ದ ಏಕಸ್ವಾಮ್ಯ ಹೋಯಿತು. 1942ರ ಫೆಬ್ರವರಿ 15ರಂದು ಸಿಂಗಪುರ ಬಿದ್ದಾಗ ಸೆರೆಸಿಕ್ಕ ಹತ್ತಾರು ಸಾವಿರ ಭಾರತೀಯ ಸೈನಿಕರಲ್ಲಿ ಪಂಜಾಬಿಗಳು ತುಂಬ ಜನ. ತಿಂಗಳುಗಟ್ಟಲೆ ಕಾಗದ ಬಾರದ ಮನೆಗಳಲ್ಲಿ ಭರ್ತಿಗೆ ಬಂದ ಜೈಲ್‌ದಾರನ ಮುಖ ಬೇರೆಯಾಗಿಯೇ ಕಂಡಿರಬೇಕು. ಆಮೇಲೆ ಗೋಧಿಯ ಸರದಿ. ಸೈನ್ಯಕ್ಕೂ ನಗರಗಳಿಗೂ ಅಗ್ಗದ ಧಾನ್ಯ ಬೇಕಾಗಿದ್ದ ಸರ್ಕಾರ 1941ರ ಡಿಸೆಂಬರ್‌ನಲ್ಲಿ ಗೋಧಿಗೆ ಗರಿಷ್ಠ ಬೆಲೆ ಕಟ್ಟಿತು. ಛೋಟು ರಾಮ್ ಅದನ್ನು ಬಲವಾಗಿ ವಿರೋಧಿಸಿದರು. ಮಗನನ್ನು ಕೊಟ್ಟ ರೈತನಿಂದ ಬೆಳೆಯನ್ನೂ ಕಡಿಮೆ ಬೆಲೆಗೆ ಕೇಳಿದರೆ ಆ ಪಕ್ಷಕ್ಕೆ ನಿಲ್ಲಲು ನೆಲವೆಲ್ಲಿ? ಪೇಟೆಯಲ್ಲಿ ಬಟ್ಟೆ, ಸಕ್ಕರೆ, ಸೀಮೆಎಣ್ಣೆ ಸಿಗದಾದಾಗ ರೈತನ ಕೈಗೆ ಬಂದ ದುಡ್ಡೂ ನಿರುಪಯೋಗವೆನ್ನಿಸತೊಡಗಿತು.

ಇತ್ತ ಜಿನ್ನಾ ಒಂದೊಂದೇ ಗಂಟು ಬಿಗಿಯುತ್ತಿದ್ದರು. 1941ರಲ್ಲಿ ವೈಸ್‌ರಾಯ್ ರಚಿಸಿದ ರಾಷ್ಟ್ರೀಯ ರಕ್ಷಣಾ ಮಂಡಳಿಗೆ, ಆ ಹೊತ್ತಿಗೆ ಲೀಗಿನ ಸದಸ್ಯರೂ ಆಗಿದ್ದ ಸಿಕಂದರ್ ಸೇರಿದಾಗ, ಲೀಗಿನ ಅಪ್ಪಣೆಯಿಲ್ಲದೆ ಸೇರಿದ್ದು ತಪ್ಪೆಂದು ಹೇಳಿ ಅವರಿಂದ ರಾಜೀನಾಮೆ ಕೊಡಿಸಿದರು. ಯುದ್ಧಕ್ಕೆ ಎಲ್ಲರಿಗಿಂತ ಹೆಚ್ಚು ಜನ ಕೊಟ್ಟ ಪ್ರಾಂತದ ಪ್ರಧಾನಿ ಯುದ್ಧದ ಮಂಡಳಿಯಿಂದ ಹೊರಬಿದ್ದದ್ದನ್ನು ಊರೆಲ್ಲ ನೋಡಿತು. 1942ರ ಡಿಸೆಂಬರ್‌ನಲ್ಲಿ ಸಿಕಂದರ್ ಹಠಾತ್ತನೆ ತೀರಿಕೊಂಡರು. ಅವರ ಜಾಗಕ್ಕೆ ಬಂದ ಖಿಜರ್ 1944ರಲ್ಲಿ ಜಿನ್ನಾ ಅವರಿಂದ ಬೇರೆಯಾದರು; ಸಿಕಂದರ್ ಅವರ ಮಗ, ಯುದ್ಧದಲ್ಲಿ ಸೆರೆಯಾಳಾಗಿದ್ದು ಬಿಡುಗಡೆಯಾಗಿ ಬಂದಿದ್ದ ಶೌಕತ್ ಹಯಾತ್, ಲೀಗಿನ ಕಡೆ ಹೋದರು. 1945ರ ಜನವರಿಯಲ್ಲಿ ಛೋಟು ರಾಮ್ ಕೂಡ ಇಲ್ಲವಾದರು. 1946ರ ಚುನಾವಣೆಯಲ್ಲಿ ಲೀಗು ಎಪ್ಪತ್ತಕ್ಕೂ ಹೆಚ್ಚು ಸ್ಥಾನ ಗೆದ್ದು, ಯೂನಿಯನಿಸ್ಟರು ಇಪ್ಪತ್ತರ ಆಸುಪಾಸಿಗೆ ಕುಸಿದರು. ಮುರಬ್ಬಾಗಳ ನಿರೀಕ್ಷೆಯಲ್ಲಿ ಊರಿಗೆ ಮರಳುತ್ತಿದ್ದ ಲಕ್ಷಾಂತರ ಸೈನಿಕರಿಗೆ ಹಂಚಲು ಪಂಜಾಬಿನಲ್ಲಿ ಅಷ್ಟು ಹೊಸ ನೆಲ ಉಳಿದಿರಲಿಲ್ಲ. 1947ರ ಮಾರ್ಚ್‌ನಲ್ಲಿ ಖಿಜರ್ ಅಧಿಕಾರ ಬಿಟ್ಟರು. ಮುಂದಿನ ಕೆಲವು ತಿಂಗಳುಗಳ ಕೊಲೆಗಳಲ್ಲಿ ಪಲ್ಟನ್ನುಗಳಲ್ಲಿ ಕಲಿತ ಕವಾಯತೂ ಗುರಿಯೂ ಎಲ್ಲ ಪಕ್ಷಗಳ ಕೈಯಲ್ಲೂ ಬಳಕೆಯಾದವು.

ಇನ್ನು ನಿಮ್ಮ ಬೆಳಗಾವಿ. ಮೈಸೂರು ಸಂಸ್ಥಾನದಲ್ಲಿ ಇದು ರಾಜಕಾರಣಿಗಳ ಕೆಲಸವಾಗಿರಲಿಲ್ಲ. ಮೊದಲ ಯುದ್ಧಕ್ಕೆ 50 ಲಕ್ಷ ರೂಪಾಯಿ ಕೊಟ್ಟದ್ದೂ, 1918ರ ಸೆಪ್ಟೆಂಬರ್ 23ರಂದು ಜೋಧಪುರದವರೊಡನೆ ಹೈಫಾ ಗೆದ್ದ ಮೈಸೂರು ಲ್ಯಾನ್ಸರ್ಸ್‌ಗಳನ್ನು ಕಳಿಸಿದ್ದೂ ಮಹಾರಾಜರ ಸರ್ಕಾರ. ಬೆಳಗಾವಿಯೂ ಸೇರಿದ್ದ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಕಾಂಗ್ರೆಸ್ಸೇ ಪ್ರಬಲವಾಗಿದ್ದುದರಿಂದ ಎರಡನೆಯ ಯುದ್ಧದಲ್ಲಿ ಸಿಕಂದರ್‌ರಂಥ ಮಂತ್ರಿಗೆ ಅಲ್ಲಿ ಜಾಗವಿರಲಿಲ್ಲ. ಆದರೆ ನಿಮ್ಮ ಊರಿನಲ್ಲೇ ಒಂದು ಪ್ರಸಂಗವಿದೆ. ಅಸ್ಪೃಶ್ಯರೆನ್ನಿಸಿದ್ದ ಮಹಾರ್ ಜಾತಿಯ ಡಾ. ಅಂಬೇಡ್ಕರ್ ಅವರ ತಂದೆ ಸುಬೇದಾರರು. ಅಂಥ ಮಹಾರರನ್ನು ಯೋಧ ಜಾತಿಯಲ್ಲವೆಂದು 1890ರ ದಶಕದಲ್ಲಿ ಸೈನ್ಯದಿಂದ ದೂರವಿಟ್ಟಿದ್ದರು. ಮೊದಲ ಯುದ್ಧದಲ್ಲಿ ಅಗತ್ಯಬಿದ್ದು 1917ರಲ್ಲಿ ಎಬ್ಬಿಸಿದ 111ನೆಯ ಮಹಾರ್ ಪಲ್ಟನ್ನನ್ನು ಯುದ್ಧ ಮುಗಿದ ಕೆಲವೇ ವರ್ಷಗಳಲ್ಲಿ ಕೈಬಿಟ್ಟರು. ಎರಡನೆಯ ಯುದ್ಧದಲ್ಲಿ ವೈಸ್‌ರಾಯ್‌ಗೆ ಜನ ಬೇಕಾದಾಗ ಅಂಬೇಡ್ಕರ್ ಒತ್ತಾಯಿಸಿದ್ದು ಮಹಾರರದೇ ರೆಜಿಮೆಂಟಿಗಾಗಿ. ಅವರಿಗೆ ಅದು ಸಂಬಳದ ಮಾತಷ್ಟೇ ಆಗಿರಲಿಲ್ಲ. ಊರ ಬಾವಿಗೆ ಬಿಡದ ಮನುಷ್ಯನ ಕೈಗೆ ಸರ್ಕಾರ ಬಂದೂಕು ಕೊಡಬೇಕೆಂಬ ಮಾತಾಗಿತ್ತು. 1941ರ ಅಕ್ಟೋಬರ್‌ನಲ್ಲಿ ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಕಟ್ಟಿದ್ದು ಬೆಳಗಾವಿಯಲ್ಲಿ. ಅದರ ಮೊದಲ ಟೋಪಿಬಿಲ್ಲೆಯ ಮೇಲೆ ಇದ್ದದ್ದು, ಬ್ರಿಟಿಷ್ ಪಲ್ಟನ್ನಿನ ಮಹಾರ್ ಸಿಪಾಯಿಗಳೂ ಹೋರಾಡಿದ 1818ರ ಕಾಳಗದ ನೆನಪಿನ ಭೀಮಾ ಕೋರೆಗಾಂವ್‌ನ ಸ್ತಂಭ; ಪಂಜಾಬಿನ ಹಳ್ಳಿಗಳ ಆ ಕಲ್ಲುಫಲಕಗಳಂತೆ ಅಲ್ಲ, ಆ ಸ್ತಂಭದ ಮೇಲೆ ಮಡಿದ ಸಿಪಾಯಿಗಳ ಹೆಸರುಗಳಿವೆ.